ಆರಂಭಿಕ ಮಧ್ಯಯುಗದ ಖಡ್ಗಗಳ ಕ್ಯುರೇಟರ್: ವೃತ್ತಿ ಮಾಹಿತಿ

ಪರಿಚಯ

ಯುರೋಪಿನ ಇತಿಹಾಸದಲ್ಲಿ ಸುಮಾರು ಕ್ರಿ.ಶ. 5ನೇ ಶತಮಾನದಿಂದ 11ನೇ ಶತಮಾನದವರೆಗಿನ ಕಾಲವನ್ನು ಆರಂಭಿಕ ಮಧ್ಯಯುಗವೆಂದು ಕರೆಯಲಾಗುತ್ತದೆ. ಈ ಕಾಲದ ಖಡ್ಗಗಳನ್ನು ಸಂಗ್ರಹಿಸಿ, ದಾಖಲಿಸಿ, ಸಂರಕ್ಷಿಸಿ, ಅವುಗಳ ಮಹತ್ವವನ್ನು ಸಾರ್ವಜನಿಕರಿಗೆ ತಿಳಿಸಿಕೊಡುವ ಹೊಣೆಯು ವಸ್ತುಸಂಗ್ರಹಾಲಯದ ಕ್ಯುರೇಟರ್‌ಗೆ ಸೇರಿದೆ. ಈ ವೃತ್ತಿಯ ಸ್ವರೂಪ, ಅದಕ್ಕೆ ಬೇಕಾದ ಸಿದ್ಧತೆ ಹಾಗೂ ಸಾರ್ವಜನಿಕರ ಪಾತ್ರವನ್ನು ಬ್ರಿಟನ್ನಿನ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಅಧ್ಯಯನದ ವಸ್ತು

ಆ ಕಾಲದ ಖಡ್ಗವು ಕೇವಲ ಆಯುಧವಾಗಿರಲಿಲ್ಲ. ಅದು ಒಡೆಯನ ಅಂತಸ್ತಿನ ಗುರುತಾಗಿತ್ತು. ಕೊಡುಗೆಯಾಗಿ ಕೈಯಿಂದ ಕೈಗೆ, ಆಸ್ತಿಯಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿತ್ತು. ಉತ್ತಮ ಅಲಗುಗಳನ್ನು ತಯಾರಿಸಲು ಕಬ್ಬಿಣದ ಸರಳುಗಳನ್ನು ತಿರುಚಿ, ಕಾಸಿ, ಬಡಿದು ಒಂದಾಗಿ ಬೆಸೆಯಲಾಗುತ್ತಿತ್ತು. ಇದರಿಂದ ಅಲಗಿನ ಮೇಲೆ ಅಲೆಯಂತಹ ವಿನ್ಯಾಸ ಮೂಡುತ್ತಿತ್ತು. ಶತಮಾನಗಳ ಕಾಲ ಮಣ್ಣಿನಲ್ಲಿ ಹುದುಗಿದ್ದ ಅಲಗು ಇಂದು ತುಕ್ಕಿನ ಗಟ್ಟಿಯಂತೆ ಕಾಣಿಸುತ್ತದೆ. ವಿನ್ಯಾಸವು ಕ್ಷ-ಕಿರಣ ಚಿತ್ರದಲ್ಲಿ ಮಾತ್ರ ಗೋಚರಿಸುವುದು ಸಾಮಾನ್ಯ. ಒರೆಯ ಮರ, ಚರ್ಮ ಮತ್ತು ಉಣ್ಣೆಯ ಕುರುಹುಗಳು ಸಹ ಅನೇಕ ವೇಳೆ ತುಕ್ಕಿನ ಪದರದಲ್ಲಿಯೇ ಉಳಿದಿರುತ್ತವೆ. ಆದ್ದರಿಂದ ಕ್ಯುರೇಟರ್‌ನ ದೃಷ್ಟಿಯಲ್ಲಿ ತುಕ್ಕು ಕೂಡ ಒಂದು ದಾಖಲೆಯಾಗಿದೆ.

ಒಂದು ನಿದರ್ಶನ

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಸಟನ್ ಹೂ ಎಂಬಲ್ಲಿ ಜಮೀನಿನ ಒಡತಿ ಈಡಿತ್ ಪ್ರೆಟಿ ಅವರ ಕೋರಿಕೆಯಂತೆ ಬೇಸಿಲ್ ಬ್ರೌನ್ ಅವರು ಉತ್ಖನನ ಕೈಗೊಂಡರು. 1939ರಲ್ಲಿ ಅಲ್ಲಿ 7ನೇ ಶತಮಾನದ ಆದಿಭಾಗದ ಹಡಗು ಸಮಾಧಿಯು ಬೆಳಕಿಗೆ ಬಂದಿತು. ಈಡಿತ್ ಪ್ರೆಟಿ ಅವರು ಅಲ್ಲಿ ದೊರೆತ ವಸ್ತುಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನವಾಗಿ ನೀಡಿದರು. ಮ್ಯೂಸಿಯಂನ ರೂಪರ್ಟ್ ಬ್ರೂಸ್-ಮಿಟ್‌ಫರ್ಡ್ ಅವರು ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಸಂಗ್ರಹದ ಅಧ್ಯಯನಕ್ಕೆ ಮೀಸಲಿಟ್ಟರು. ಅವರ ನೇತೃತ್ವದ ಸಮಗ್ರ ವರದಿಯು 1975 ಮತ್ತು 1983ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು.

ಅದೇ ಮ್ಯೂಸಿಯಂನ ಕ್ಯುರೇಟರ್ ಸ್ಯೂ ಬ್ರನಿಂಗ್ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈ ಕಾಲದ ಖಡ್ಗಗಳ ಕುರಿತು ಸಂಶೋಧನೆ ನಡೆಸಿದ್ದಾರೆ. ಈ ವಿಷಯದ ಮೇಲಿನ ಅವರ ಗ್ರಂಥವು 2019ರಲ್ಲಿ ಪ್ರಕಟವಾಯಿತು. ಖಡ್ಗಗಳ ಹಿಡಿಯಲ್ಲಿರುವ ಸವೆತವನ್ನು ಅವರು ಸೂಕ್ಷ್ಮವಾಗಿ ಪರಿಶೀಲಿಸಿದ್ದಾರೆ. ಸಟನ್ ಹೂ ಖಡ್ಗದ ಚಿನ್ನದ ಹಿಡಿಯಲ್ಲಿ ಸವೆತವು ಸಾಮಾನ್ಯವಾಗಿ ಕಂಡುಬರುವುದಕ್ಕಿಂತ ಭಿನ್ನವಾದ ಬದಿಯಲ್ಲಿದೆ. ಖಡ್ಗವನ್ನು ದೇಹವಿದ್ದಿರಬಹುದಾದ ಸ್ಥಳದ ಬಲಭಾಗದಲ್ಲಿ ಇರಿಸಲಾಗಿತ್ತು. ಇವೆರಡರ ಆಧಾರದ ಮೇಲೆ ಅದರ ಒಡೆಯನು ಎಡಗೈ ಬಳಸುವವನಾಗಿದ್ದಿರಬಹುದು ಎಂದು ಅವರು ಅಭಿಪ್ರಾಯಪಟ್ಟಿದ್ದಾರೆ. ಆಮ್ಲೀಯ ಮಣ್ಣಿನಲ್ಲಿ ದೇಹವೇ ಉಳಿಯದ ವ್ಯಕ್ತಿಯೊಬ್ಬನ ಬಗ್ಗೆ ಇಂತಹ ಸುಳಿವು ದೊರೆತಿರುವುದು ಹಿಡಿಯ ಸವೆತ ಹಾಗೂ ಖಡ್ಗ ದೊರೆತ ಸ್ಥಾನ ಎರಡೂ ದಾಖಲಾಗಿದ್ದುದರಿಂದ.

ವಿದ್ಯಾರ್ಹತೆ ಮತ್ತು ವೃತ್ತಿಯ ಹಂತಗಳು

1. ಪುರಾತತ್ವ ಅಥವಾ ಇತಿಹಾಸದಲ್ಲಿ ಪದವಿ. ಲ್ಯಾಟಿನ್, ಹಳೆಯ ಇಂಗ್ಲಿಷ್ ಮುಂತಾದ ಭಾಷೆಗಳ ಪರಿಚಯವು ಮೂಲ ಆಕರಗಳನ್ನು ಓದಲು ನೆರವಾಗುತ್ತದೆ.
2. ಸಂಗ್ರಹಾಲಯ ಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಈ ವಿಭಾಗ ಸ್ಥಾಪನೆಯಾಯಿತು. ಭಾರತದಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಲ್ಲಿಯೇ ಈ ವಿಭಾಗ ಆರಂಭವಾಗಿತ್ತು.
3. ಸ್ವಯಂಸೇವಕರಾಗಿ ಅಥವಾ ಸಹಾಯಕರಾಗಿ ವಸ್ತುಗಳ ಪಟ್ಟಿ ತಯಾರಿಕೆ, ಅಳತೆ ಮತ್ತು ಛಾಯಾಚಿತ್ರ ದಾಖಲಾತಿಯಲ್ಲಿ ಅನುಭವ.
4. ತಜ್ಞ ಹುದ್ದೆಗಳಿಗೆ ಸಾಮಾನ್ಯವಾಗಿ ಡಾಕ್ಟರೇಟ್ ಮಟ್ಟದ ಸಂಶೋಧನೆ.

ಈ ಕ್ಷೇತ್ರದಲ್ಲಿ ಹುದ್ದೆಗಳು ಬಹಳ ಕಡಿಮೆ. ಕ್ಯುರೇಟರ್ ಆದವರು ಖಡ್ಗಗಳ ಜೊತೆಗೆ ಆ ಕಾಲದ ಆಭರಣ, ಪಾತ್ರೆ ಮೊದಲಾದ ವಸ್ತುಗಳ ಹೊಣೆಯನ್ನೂ ವಹಿಸಬೇಕಾಗುತ್ತದೆ ಎಂಬುದನ್ನು ಆಸಕ್ತರು ಗಮನಿಸಬೇಕು.

ಸಾರ್ವಜನಿಕರ ಪಾತ್ರ

ಕ್ಯುರೇಟರ್‌ನ ಅಧ್ಯಯನವು ವಸ್ತುವನ್ನು ಮೊದಲು ಕಂಡವರ ನಡೆಯನ್ನು ಅವಲಂಬಿಸಿದೆ. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಲೋಹಶೋಧಕ ಯಂತ್ರದ ಮೂಲಕ ಪತ್ತೆಯಾದ ನಿಧಿಯಲ್ಲಿ ಸುಮಾರು 4,600 ವಸ್ತುಗಳು ಮತ್ತು ತುಣುಕುಗಳಿದ್ದವು. ಇವುಗಳಲ್ಲಿ ಹೆಚ್ಚಿನವು ಖಡ್ಗದ ಹಿಡಿಗಳಿಂದ ಕಿತ್ತ ಚಿನ್ನದ ಭಾಗಗಳು. ಅಲಗು ಒಂದೂ ಇರಲಿಲ್ಲ. ಶೋಧಕರು ಅಧಿಕಾರಿಗಳಿಗೆ ತಿಳಿಸಿದ್ದರಿಂದ ಪುರಾತತ್ವಜ್ಞರು ಸ್ಥಳದಲ್ಲಿ ಉತ್ಖನನ ನಡೆಸಲು ಸಾಧ್ಯವಾಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1996ರ ನಿಧಿ ಕಾಯ್ದೆಯು ಮುಖ್ಯವಾಗಿ ಚಿನ್ನ ಮತ್ತು ಬೆಳ್ಳಿಯ ವಸ್ತುಗಳಿಗೆ ಅನ್ವಯಿಸುತ್ತದೆ. ಒಂಟಿಯಾಗಿ ದೊರೆತ ಸಾದಾ ಕಬ್ಬಿಣದ ಖಡ್ಗವು ದೀರ್ಘಕಾಲ ಈ ಕಾಯ್ದೆಯ ಹೊರಗೇ ಉಳಿದಿತ್ತು. 2023ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 200 ವರ್ಷಕ್ಕಿಂತ ಹಳೆಯದಾದ, ಅಸಾಧಾರಣ ಮಹತ್ವವುಳ್ಳ ಲೋಹದ ವಸ್ತುಗಳೂ ನಿಧಿಯೆಂದು ಪರಿಗಣಿತವಾಗಬಹುದು. ಉಳಿದವುಗಳ ದಾಖಲಾತಿಯು ಶೋಧಕರ ಸ್ವಇಚ್ಛೆಗೆ ಬಿಟ್ಟದ್ದಾಗಿದೆ.

ವಸ್ತು ಗುರುತಿಸುವಿಕೆಗೆ ಕೋರುವವರ ಗಮನಕ್ಕೆ

• ತುಕ್ಕನ್ನು ಉಜ್ಜಬಾರದು, ತೊಳೆಯಬಾರದು, ಎಣ್ಣೆ ಅಥವಾ ರಾಸಾಯನಿಕ ಲೇಪಿಸಬಾರದು.
• ದೊರೆತ ಸ್ಥಳ, ಆಳ ಮತ್ತು ದಿನಾಂಕವನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕು.
• ವಸ್ತುವು ಇನ್ನೂ ಮಣ್ಣಿನಲ್ಲಿದ್ದರೆ ಅದನ್ನು ಕೀಳದೆ ತಜ್ಞರಿಗೆ ತಿಳಿಸಬೇಕು.
• ಮುರಿದ ತುಣುಕುಗಳನ್ನು ಎಸೆಯಬಾರದು, ಅಂಟಿನಿಂದ ಜೋಡಿಸಲೂಬಾರದು.

ಒಮ್ಮೆ ಉಜ್ಜಿ ತೆಗೆದ ಒರೆಯ ಕುರುಹನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು. ಆದುದರಿಂದ ಸಂರಕ್ಷಣೆಯ ಕಾರ್ಯವು ವಸ್ತುವನ್ನು ಕಂಡ ಕ್ಷಣದಿಂದಲೇ ಆರಂಭವಾಗುತ್ತದೆ.