ಓಲೆಯನ್ನು ಕಾಯುವವರು

ಮೈಸೂರಿನ ದೊಡ್ಡ ಗಡಿಯಾರದಿಂದ ಹೊರಟು ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಇಗರ್ಜಿಯ ಕಡೆಗೆ ನಡೆಯುವವರಿಗೆ ನೆಹರೂ ವೃತ್ತದ ಬಳಿ ಪ್ರಧಾನ ಅಂಚೆ ಕಚೇರಿಯೂ, ಅದರ ಆಸುಪಾಸಿನಲ್ಲಿ ಮಂಡಿ ಮೊಹಲ್ಲಾದ ಸಂದಣಿಯೂ ಎದುರಾಗುತ್ತವೆ. ಈ ನೆರೆಹೊರೆ ಉಚಿತವಾದುದೇ. ಧಾರಣೆ ತಿಳಿಸುವ ಕಾಗದ, ಸರಕು ರವಾನೆಯಾದುದನ್ನು ಅರುಹುವ ಕಾಗದ, ಬಾಕಿಗೆ ತಗಾದೆ ಮಾಡುವ ಕಾಗದ, ಇವಿಲ್ಲದೆ ಮಂಡಿಯ ವಹಿವಾಟು ಎಂದೂ ನಡೆದುದಿಲ್ಲ. ಆ ಕಾಗದವನ್ನು ತನ್ನ ವಶದಲ್ಲಿರಿಸಿಕೊಳ್ಳುವವನನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯು ಮೈಸೂರು ಸೀಮೆಗೆ ಹೊಸದಲ್ಲ.

ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಮೈಸೂರು ಅಂಚೆಯು ಕಾಗದಗಳನ್ನು ಸಾಗಿಸುತ್ತಿದ್ದಿತಷ್ಟೇ ಅಲ್ಲ, ಅದರ ಅಧಿಕಾರಿಗಳು ತಂತಮ್ಮ ಪ್ರಾಂತದ ಗುಪ್ತವಾರ್ತೆಗಳನ್ನು ದೊರೆಗೆ ಮುಟ್ಟಿಸುವ ಹೊಣೆಯನ್ನೂ ಹೊತ್ತಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಓಲೆಯನ್ನು ಹೊರುವವನೇ ಸುದ್ದಿಯನ್ನು ಹೆಕ್ಕುವವನೂ ಆಗಿದ್ದ ಈ ಏರ್ಪಾಡು ರಾಜ್ಯಭಾರಕ್ಕೆ ಅನುಕೂಲವಾಗಿದ್ದಿತಾದರೂ ಪ್ರಜೆಗೆ ನೆಮ್ಮದಿ ತರತಕ್ಕುದಾಗಿರಲಿಲ್ಲ. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. 1898ರ ಅಂಚೆ ಕಾಯಿದೆಯು ಪರರ ಕಾಗದವನ್ನು ಒಡೆದ ನೌಕರನಿಗೆ ಸೆರೆವಾಸವನ್ನು ವಿಧಿಸಿತು, ಆದರೆ ಸರ್ಕಾರವು ತಾನೇ ತಡೆದು ನೋಡುವ ಅಧಿಕಾರವನ್ನು ಕೈಬಿಡಲಿಲ್ಲ.

ಕಾಗದವು ವಿದ್ಯುತ್ಸಂಕೇತದ ರೂಪವನ್ನು ತಾಳಿದಾಗ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಯಿತು. ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ರಚಿಸಿದ ಸೆಂಡ್‌ಮೇಲ್ ತಂತ್ರಾಂಶವು 1983ರಲ್ಲಿ ಅಲ್ಲಿನ ಯೂನಿಕ್ಸಿನೊಡನೆಯೇ ಹಂಚಿಕೆಯಾದುದರಿಂದ, ಅಂಚೆ ಕಚೇರಿಯು ಕಾರ್ಯಾಚರಣ ವ್ಯವಸ್ಥೆಯ ಒಂದು ಅಂಗವೇ ಆಯಿತು. ಎರಡು ಯಂತ್ರಗಳು ಪತ್ರವನ್ನು ಒಪ್ಪಿಸಿಕೊಳ್ಳುವ ಕ್ರಮವನ್ನು 1982ರಲ್ಲಿ ಜಾನ್ ಪೋಸ್ಟಲ್ ನಿರೂಪಿಸಿದ್ದನು. ಕಳುಹಿಸುವ ಯಂತ್ರವು ‘ಹೆಲೋ’ ಎಂದು ತನ್ನ ಹೆಸರನ್ನು ಹೇಳುತ್ತದೆ. ‘ಮೇಲ್ ಫ್ರಮ್’ ಎಂದು ಬರೆದವರನ್ನೂ, ‘ಆರ್‌ಸಿಪಿಟಿ ಟು’ ಎಂದು ಪಡೆಯುವವರನ್ನೂ ಸೂಚಿಸುತ್ತದೆ. ಪತ್ರವನ್ನು ಸ್ವೀಕರಿಸುವ ಯಂತ್ರವು ಒಂದೊಂದಕ್ಕೂ 250 ಎಂದು ಸಮ್ಮತಿ ನೀಡಿದ ಮೇಲೆ ಕಳುಹಿಸುವ ಯಂತ್ರವು ‘ಡೇಟಾ’ ಎಂದು ಒಕ್ಕಣೆಯನ್ನು ಸಲ್ಲಿಸಿ, ಕೊನೆಗೆ ಒಂದು ಸಾಲಿನಲ್ಲಿ ಬರಿಯ ಬಿಂದುವೊಂದನ್ನಿಟ್ಟು ಮುಗಿಸುತ್ತದೆ. ಈ ಸಂಭಾಷಣೆಯಲ್ಲಿ ಮುದ್ರೆಯೂ ಇರಲಿಲ್ಲ, ಅರಗೂ ಇರಲಿಲ್ಲ. ಕಳುಹಿಸಿದವನ ಹೆಸರು ದಿಟವೋ ಸಟೆಯೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ತಲಪಿದ ಪತ್ರಗಳು ಸಾದಾ ಕಡತಗಳಾಗಿ ಸರ್ವರಿನಲ್ಲಿ ಬಿದ್ದಿರುತ್ತಿದ್ದವು, ರೂಟ್ ಅಧಿಕಾರವುಳ್ಳ ನಿರ್ವಾಹಕನು ಯಾವುದನ್ನು ಬೇಕಾದರೂ ತೆರೆಯಬಹುದಾಗಿದ್ದಿತು. ವಿದ್ವಾಂಸರ ಕಿರುಬಳಗದಲ್ಲಿ ಇದರಿಂದ ಹಾನಿಯಿಲ್ಲವೆಂಬ ನಂಬುಗೆ ಸಹಜವೇ ಆಗಿದ್ದಿತು.

ನಮ್ಮ ದೇಶದಲ್ಲಿ 1986ರಲ್ಲಿ ಮೊದಲಾದ ಅರ್ನೆಟ್ ಜಾಲವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಒಳಗೊಂಡಿದ್ದಿತು. ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದುದು 1995ರ ಆಗಸ್ಟ್ 15ರಂದು. ಅದೇ ವರ್ಷ ಪ್ರಕಟವಾದ ಅಪಾಚೆ ತಂತ್ರಾಂಶವು ಜಾಲತಾಣಗಳನ್ನು ಉಣಬಡಿಸುವ ಕೆಲಸವನ್ನು ಉಚಿತವಾಗಿ ದೊರಕಿಸಿತು. ಒಂದೇ ಯಂತ್ರವು ತನ್ನ ಒಂದೇ ವಿಳಾಸದಲ್ಲಿ ಅನೇಕ ಹೆಸರುಗಳ ತಾಣಗಳನ್ನು ಬೇರೆಬೇರೆಯಾಗಿ ಒದಗಿಸುವ ವಿಧಾನವು 1997ರಲ್ಲಿ ನಿಯಮವಾಗಿ ನೆಲೆಗೊಂಡಿತು; ಸಣ್ಣ ವರ್ತಕನೂ ಸ್ವಂತ ಹೆಸರಿನಲ್ಲಿ ತಾಣವನ್ನಿಡುವಷ್ಟು ಬಾಡಿಗೆ ಇಳಿದುದಕ್ಕೆ ಇದೊಂದು ಮುಖ್ಯ ಕಾರಣ. ವಿಂಡೋಸ್ ಸರ್ವರ್ 2003ರಲ್ಲಂತೂ ಪತ್ರಪೆಟ್ಟಿಗೆಯನ್ನೊದಗಿಸುವ ಪಾಪ್3 ಸೇವೆಯೂ ಸೇರಿದ್ದಿತು. 2008ರ ಆವೃತ್ತಿಯಿಂದ ಅದನ್ನು ತೆಗೆದುಬಿಟ್ಟರು. ನನಗೆ ಇದು ವ್ಯಸನಕರವೆಂದೇ ತೋರುತ್ತದೆ, ಏಕೆಂದರೆ ಅಂಗಡಿಯ ಮೂಲೆಯೊಂದರಲ್ಲಿ ಸ್ವಂತ ಅಂಚೆಯನ್ನಿರಿಸಿಕೊಳ್ಳುವ ಸುಲಭ ಮಾರ್ಗವೊಂದು ಅಲ್ಲಿಗೆ ಮುಚ್ಚಿತು.

ದಾರಿಯಲ್ಲಿ ಪತ್ರವನ್ನು ಗೂಢಲಿಪಿಯಿಂದ ಮರೆಮಾಡುವ ಕ್ರಮವು 1999ರಲ್ಲಿ ಸೇರಿತು. ದಾರಿಯಲ್ಲಿ ಓದುವವರ ಕಣ್ಣು ಕಟ್ಟಿತೇ ಹೊರತು, ಪೆಟ್ಟಿಗೆಯನ್ನು ಕಾಯುವವನ ಕಣ್ಣಲ್ಲ. ಪೋಸ್ಟ್‌ಫಿಕ್ಸ್, ಡವ್‌ಕಾಟ್ ಮೊದಲಾದ ಮುಕ್ತ ತಂತ್ರಾಂಶಗಳು ಇಂದಿಗೂ ಉಚಿತವಾಗಿ ದೊರೆಯುತ್ತವೆ. ಆದರೆ ಸಟೆಯ ಪತ್ರಗಳ ಹಾವಳಿಯಿಂದಾಗಿ, ಎಸ್‌ಪಿಎಫ್, ಡಿಕೆಐಎಂ ಎಂಬ ರುಜುವಾತುಗಳಿಲ್ಲದ ಅಪರಿಚಿತ ಯಂತ್ರದ ಪತ್ರವನ್ನು ದೊಡ್ಡ ಸಂಸ್ಥೆಗಳು ಸಂಶಯದಿಂದಲೇ ಕಾಣುತ್ತವೆ. ಮೊಹಲ್ಲಾದ ವರ್ತಕರು ಕೂಡಿ ಒಂದು ಯಂತ್ರವನ್ನೂ ಅದನ್ನು ಬಲ್ಲ ಒಬ್ಬ ತರುಣನನ್ನೂ ಇಟ್ಟುಕೊಳ್ಳುವುದು ಈಗಲೂ ಸಾಧ್ಯವಾದ ಕೆಲಸ. ಆಗ ಪೆಟ್ಟಿಗೆಯ ಕೀಲಿಕೈ ಯಾರಲ್ಲಿದೆಯೆಂಬುದನ್ನು ಅವರು ಆ ತರುಣನ ಮುಖ ನೋಡಿಯೇ ಕೇಳಬಹುದು.