ಕವಲು ಕತೆ: ವಿದ್ಯಾರ್ಥಿಗಳೊಡನೆ ಬರೆಯಲು ಅಂತರ್ಜಾಲದ ಸಲಕರಣೆಗಳು

ಮುಂದೇನಾಗಬೇಕೆಂಬುದನ್ನು ಓದುಗನೇ ಆಯ್ದುಕೊಳ್ಳುವ ಕತೆಯನ್ನು ಕವಲು ಕತೆ ಎನ್ನಬಹುದು. ಅಮೆರಿಕದ ಬ್ಯಾಂಟಮ್ ಪ್ರಕಾಶನ ಸಂಸ್ಥೆ 1979ರಲ್ಲಿ ಆರಂಭಿಸಿದ 'ಚೂಸ್ ಯುವರ್ ಓನ್ ಅಡ್ವೆಂಚರ್' ಮಾಲೆಯು ಮುದ್ರಣದಲ್ಲಿ ಈ ಪ್ರಕಾರವನ್ನು ಜನಪ್ರಿಯಗೊಳಿಸಿತು. ಎಡ್ವರ್ಡ್ ಪ್ಯಾಕರ್ಡ್ ಅವರ 'ದಿ ಕೇವ್ ಆಫ್ ಟೈಮ್' ಅದರ ಮೊದಲ ಪುಸ್ತಕ. ಅಲ್ಲಿ ಓದುಗನು ಸೂಚಿಸಿದ ಪುಟಕ್ಕೆ ಹಾಳೆ ತಿರುವಬೇಕಿತ್ತು. ಗಣಕದಲ್ಲಿ ಆ ಕೆಲಸವನ್ನು ಕೊಂಡಿಗಳು ಮಾಡುತ್ತವೆ.

ಟ್ವೈನ್
ಕ್ರಿಸ್ ಕ್ಲಿಮಸ್ 2009ರಲ್ಲಿ ಹೊರತಂದ ಉಚಿತ, ಮುಕ್ತ ತಂತ್ರಾಂಶವಿದು. ಬ್ರೌಸರ್‌ನಲ್ಲಿಯೇ ಬಳಸಬಹುದು, ಗಣಕಕ್ಕೆ ಇಳಿಸಿಕೊಳ್ಳಲೂಬಹುದು. ಕತೆಯ ಪ್ರತಿ ತುಣುಕೂ ಪರದೆಯ ಮೇಲೆ ಒಂದು ಚೌಕವಾಗಿ ಕಾಣುತ್ತದೆ. ಜೋಡಿ ಚೌಕಾವರಣದೊಳಗೆ [[ಬಾವಿಗೆ ಇಣುಕು]] ಎಂದು ಬರೆದರೆ ಸಾಕು, ಆ ಹೆಸರಿನ ಹೊಸ ಚೌಕ ಮೂಡಿ ಬಾಣದ ಗುರುತಿನಿಂದ ಜೋಡಣೆಯಾಗುತ್ತದೆ. ಯೂನಿಕೋಡ್ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಪೂರ್ಣಗೊಂಡ ಕತೆ ಒಂದೇ ಎಚ್‌ಟಿಎಂಎಲ್ ಕಡತವಾಗಿ ದೊರೆಯುತ್ತದೆ.

ಇಂಕಲ್‌ರೈಟರ್
ಇಂಗ್ಲೆಂಡಿನ ಇಂಕಲ್ ಸಂಸ್ಥೆ 2012ರಲ್ಲಿ ಹೊರತಂದ ಸಲಕರಣೆ. ಇಲ್ಲಿ ಚೌಕಗಳ ನಕ್ಷೆಗಿಂತ ಬರವಣಿಗೆಗೇ ಪ್ರಾಧಾನ್ಯ: ಒಂದು ಪರಿಚ್ಛೇದ ಬರೆದು, ಅದರ ಕೆಳಗೆ ಆಯ್ಕೆಗಳನ್ನು ಸೇರಿಸುತ್ತ ಹೋಗಬೇಕು. ಮೊದಲ ಬಾರಿಗೆ ಬರೆಯುವ ಮಕ್ಕಳಿಗೆ ಇದು ಸುಲಭ. ಇದೇ ಸಂಸ್ಥೆ 2016ರಲ್ಲಿ ಮುಕ್ತಗೊಳಿಸಿದ 'ಇಂಕ್' ಎಂಬ ಸಂಕೇತ ಭಾಷೆ ಪ್ರೌಢ ವಿದ್ಯಾರ್ಥಿಗಳಿಗೆ ಮುಂದಿನ ಮೆಟ್ಟಿಲಾಗಬಲ್ಲದು.

ಕವಲುಗಳ ಲೆಕ್ಕ
ಪ್ರತಿ ಹಂತದಲ್ಲೂ ಎರಡು ಆಯ್ಕೆಗಳಿದ್ದು ಕವಲುಗಳು ಎಲ್ಲಿಯೂ ಕೂಡದಿದ್ದರೆ, ಐದೇ ಹಂತಗಳಲ್ಲಿ 32 ಮುಕ್ತಾಯಗಳೂ ಒಟ್ಟು 63 ತುಣುಕುಗಳೂ ಬೇಕಾಗುತ್ತವೆ. ತರಗತಿಯ ಕತೆಗಳು ಅರ್ಧಕ್ಕೆ ನಿಲ್ಲಲು ಇಷ್ಟೇ ಸಾಕು. ಆದ್ದರಿಂದ ಬೇರ್ಪಟ್ಟ ದಾರಿಗಳನ್ನು ಮುಖ್ಯ ಘಟನೆಗಳಲ್ಲಿ ಮತ್ತೆ ಕೂಡಿಸಬೇಕು. ಮೂರು ನಾಲ್ಕು ಮುಕ್ತಾಯಗಳಿಗೆ ಮಿತಿಗೊಳಿಸಬೇಕು. ಮೊದಲು ಕಾಗದದ ಮೇಲೆ ನಕ್ಷೆ ಬರೆಸುವುದು ಒಳಿತು. ಯಾವ ದಾರಿ ಹಿಡಿದರೂ ಫಲ ಒಂದೇ ಆದರೆ ಆಯ್ಕೆಗೆ ಅರ್ಥವಿಲ್ಲ. ಕೂಡುದಾರಿಗೆ ಬಂದ ಮೇಲೂ ಹಿಂದಿನ ನಿರ್ಧಾರದ ಗುರುತು ಉಳಿಯಬೇಕು. ಮಾಡಿದ್ದಕ್ಕೆ ಪರಿಣಾಮವುಂಟೆಂಬ ವಿವೇಚನೆಯೇ ಈ ಅಭ್ಯಾಸದ ಸಾರ.

ಉಳಿಸಿಕೊಳ್ಳುವ ಎಚ್ಚರ
ಟ್ವೈನ್‌ನ ಬ್ರೌಸರ್ ಆವೃತ್ತಿಯಲ್ಲಿ ಬರೆದ ಕತೆ ಯಾವ ಖಾತೆಗೂ ಸೇರದೆ, ಅದೇ ಗಣಕದ ಬ್ರೌಸರ್‌ನೊಳಗೆ ಉಳಿಯುತ್ತದೆ. ಹಲವರು ಬಳಸುವ ಶಾಲಾ ಪ್ರಯೋಗಾಲಯದಲ್ಲಿ ಯಾರಾದರೂ ಬ್ರೌಸರ್‌ನ ದತ್ತಾಂಶ ಅಳಿಸಿದರೆ ವಾರಗಟ್ಟಲೆಯ ಶ್ರಮ ಮರಳಿ ಬಾರದು. ಪ್ರತಿ ಅವಧಿಯ ಕೊನೆಗೆ ಕತೆಯನ್ನು ಕಡತವಾಗಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವಂತೆ ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ಆ ಕಡತ ಅಂತರ್ಜಾಲ ಸಂಪರ್ಕವಿಲ್ಲದ ಗಣಕದಲ್ಲಿಯೂ ತೆರೆದುಕೊಳ್ಳುತ್ತದೆ; ಹೀಗಾಗಿ ಮನೆಯವರೂ ಮಕ್ಕಳ ಕತೆಯನ್ನು ಓದಬಹುದು.