ಕರಾವಳಿಯ ಅಚ್ಚುಕೂಟಗಳೂ ಬಿಡಿ ಹಾಳೆಗಳೂ

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. 1843ರಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಮೊಳೆಯಚ್ಚು ಬಂದ ಮೇಲೆ ಕಾರ್ಯವು ವಿಸ್ತಾರಗೊಂಡು, 1894ರಲ್ಲಿ ಕಿಟ್ಟೆಲರ ನಿಘಂಟು ಪ್ರಕಟವಾಯಿತು. ಮುದ್ರಣದ ಇತಿಹಾಸವೆಂದರೆ ನಾವು ಇಂಥ ಗ್ರಂಥಗಳನ್ನೇ ಎಣಿಸುತ್ತೇವೆ.

ಆದರೆ ಮುಂದೆ ಹುಟ್ಟಿದ ಸಣ್ಣ ಅಚ್ಚುಕೂಟಗಳಿಗೆ ಲಗ್ನಪತ್ರಿಕೆ, ರಸೀದಿ ಪುಸ್ತಕ, ಯಕ್ಷಗಾನದ ಕರಪತ್ರಗಳೇ ಜೀವನಾಧಾರವಾಗಿದ್ದವು. ಅಚ್ಚಾದ ಬಳಿಕ ಮೊಳೆಗಳನ್ನು ಬಿಡಿಸಿ ಮರಳಿ ಖಾನೆಗಳಿಗೆ ಹಂಚುತ್ತಿದ್ದುದರಿಂದ, ಉಳಿಯುವ ಸಾಕ್ಷ್ಯ ಹಾಳೆಯೊಂದೇ. ಮಟ್ಟುವಿನಂತಹ ಊರಿನ ಹಳೆಯ ಲಗ್ನಪತ್ರಿಕೆಯೊಂದರಲ್ಲಿ ಮನೆತನ, ತಿಥಿ, ಮುದ್ರಕನ ಹೆಸರು ಒಟ್ಟಿಗೆ ದೊರೆಯಬಹುದು. ತುಳು ಮನೆಮಾತಾಗಿದ್ದವರು ಕನ್ನಡದಲ್ಲಿ ಆಮಂತ್ರಿಸಿದ ರೀತಿಯೂ ತಿಳಿಯಬಹುದು.

ಗ್ರಂಥಗಳನ್ನು ಗ್ರಂಥಾಲಯಗಳು ಕಾಯುತ್ತವೆ. ಬಿಡಿ ಹಾಳೆಗಳು ಮನೆಯ ಪೆಟ್ಟಿಗೆಯಲ್ಲಿಯೇ ಗೆದ್ದಲಿಗೆ ಆಹಾರವಾಗುತ್ತವೆ. ಆದುದರಿಂದ ವಿದ್ಯಾರ್ಥಿಗಳು ಮೊದಲು ತಮ್ಮ ಮನೆಯ ಹಾಳೆಗಳನ್ನು ದಿನಾಂಕಸಹಿತವಾಗಿ ಪಟ್ಟಿಮಾಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.